ನೀರಿನಿಂದ ಅಣುವಿಷ ತೆಗೆದ ಕಥೆ

ಉಪ್ಪು ಕರಗಿದ ನೀರನ್ನು ಎಷ್ಟು ದಪ್ಪ ಬಟ್ಟೆಯಲ್ಲಿ ಸೋಸಿದರೂ ಉಪ್ಪು ಬಟ್ಟೆಯ ಮೇಲೆ ನಿಲ್ಲದೆಂಬುದನ್ನು ನೀವು ಬಲ್ಲಿರಿ. ಅಣುಸ್ಥಾವರದ ಕೊಳೆನೀರಿನಲ್ಲಿ ಸೇರಿದ ಸೀಸಿಯಂ ಸಹ ಹೀಗೆಯೇ ಕರಗಿರುತ್ತದೆ. ಕುದಿಸಿ ಕೊಲ್ಲೋಣವೆಂದರೆ ಅದು ಕ್ರಿಮಿಯಲ್ಲ. ಅದರ ವಿಕಿರಣ ಅರ್ಧಕ್ಕೆ ಇಳಿಯಬೇಕಾದರೆ ಸುಮಾರು 30 ವರ್ಷ ಕಾಯಬೇಕು. ಅದನ್ನು ನೀರಿನಿಂದ ಹಿಡಿದು ತೆಗೆಯುವ ಬಗೆ ಹೇಗೆ?

ಇದಕ್ಕೆ ದಾರಿ ತೋರಿದ್ದು ಹೊಲದ ಮಣ್ಣು. ಇಂಗ್ಲೆಂಡಿನ ಯಾರ್ಕ್‌ಷೈರಿನ ಜಮೀನುದಾರ ಎಚ್. ಎಸ್. ಥಾಂಪ್ಸನ್ ಎಂಬಾತನಿಗೆ, ಗೊಬ್ಬರದ ಸಾರವೆಲ್ಲ ಮಳೆಯಲ್ಲಿ ಕೊಚ್ಚಿಹೋಗುವುದೇ ಎಂಬ ಚಿಂತೆಯಿತ್ತು. ಆತ ಅಮೋನಿಯಂ ಸಲ್ಫೇಟಿನ ನೀರನ್ನು ಮಣ್ಣಿನ ಮೂಲಕ ಇಳಿಸಿ ನೋಡಿದ. ಕೆಳಗೆ ತೊಟ್ಟಿಕ್ಕಿದ ನೀರಿನಲ್ಲಿ ಅಮೋನಿಯಾಕ್ಕೆ ಬದಲು ಸುಣ್ಣದ ಅಂಶ ಬಂದಿತ್ತು! ಮಣ್ಣು ಒಂದನ್ನು ಕೊಟ್ಟು ಇನ್ನೊಂದನ್ನು ಕೊಂಡಿತ್ತು. ರಸಾಯನಜ್ಞ ಜೆ. ಥಾಮಸ್ ವೇ ಇದನ್ನು ಮತ್ತಷ್ಟು ಶೋಧಿಸಿದ. ಇಬ್ಬರ ಬರಹಗಳೂ 1850ರಲ್ಲಿ ಅಚ್ಚಾದವು. ಆಗಿನ್ನೂ ವಿಕಿರಣವೆಂಬುದರ ಸುಳಿವೇ ಯಾರಿಗೂ ಇರಲಿಲ್ಲ.

ಜಿಯೊಲೈಟ್ ಎಂಬ ಖನಿಜದಲ್ಲಿ ಈ ಗುಣ ಹೆಚ್ಚು. ಅದರ ಸಣ್ಣ ಕಿಂಡಿಗಳಲ್ಲಿ ಸೋಡಿಯಂ ಸಡಿಲವಾಗಿ ಕುಳಿತಿರುತ್ತದೆ; ಸೀಸಿಯಂ ಬಂದೊಡನೆ ಎದ್ದು ಜಾಗ ಬಿಟ್ಟುಕೊಡುತ್ತದೆ. (ನಮ್ಮ ಬಸ್ಸುಗಳಲ್ಲಿ ಇಂಥ ಸೌಜನ್ಯ ಅಪರೂಪವೆನ್ನಿ.)

ಇಂಗ್ಲೆಂಡಿನ ವಾಯವ್ಯ ಕರಾವಳಿಯ ಸೆಲ್ಲಾಫೀಲ್ಡಿನಲ್ಲಿ ಇದರ ಅಗತ್ಯ ತೀವ್ರವಾಯಿತು. ಉರಿದ ಯುರೇನಿಯಂ ಸರಳುಗಳನ್ನು ಅಲ್ಲಿ ಕೊಳಗಳ ನೀರಿನಲ್ಲಿ ಮುಳುಗಿಸಿಡುತ್ತಿದ್ದರು. ಸರಳುಗಳ ಮೇಲಿನ ಲೋಹದ ಕವಚ ತುಕ್ಕು ತಿಂದು ಸೀಸಿಯಂ ನೀರಿಗೆ ಸೇರಿತು. ಆ ನೀರು ಕೊಳವೆಯ ಮೂಲಕ ಐರಿಷ್ ಸಮುದ್ರಕ್ಕೆ ಹೋಯಿತು. 1970ರ ದಶಕದ ನಡುವಿನ ವರ್ಷಗಳಲ್ಲಿ ಇದು ಪರಮಾವಧಿಗೆ ಏರಿತು. ಆ ಸಮುದ್ರದ ಮೀನಿನಲ್ಲಿಯೂ ಸೀಸಿಯಂ ಕಾಣಿಸಿತು. ಕೊನೆಗೆ 1985ರಲ್ಲಿ ಶುದ್ಧೀಕರಣ ಸ್ಥಾವರವೊಂದು ಕೆಲಸ ಆರಂಭಿಸಿತು. ಮೊದಲು ಮರಳಿನ ಸೋಸುವಿಕೆ. ಬಳಿಕ ಇಂಗಾಲಾಮ್ಲ ಅನಿಲ ಹಾಯಿಸಿ ನೀರಿನ ಕ್ಷಾರವನ್ನು ತಗ್ಗಿಸುವುದು. ಆಮೇಲೆ ಕ್ಯಾಲಿಫೋರ್ನಿಯದಿಂದ ತರಿಸಿದ ಜಿಯೊಲೈಟ್ ಹಾಸು. ಸಮುದ್ರಕ್ಕೆ ಸೇರುವ ಸೀಸಿಯಂ ಬಹುವಾಗಿ ಇಳಿಯಿತು. ಆದರೆ ಸೀಸಿಯಂ ಎಲ್ಲಿಗೆ ಹೋಯಿತು? ಕಲ್ಲಿನ ಹರಳುಗಳೊಳಗೆ. ಆ ಹರಳುಗಳನ್ನು ತೊಟ್ಟಿಗಳಲ್ಲಿ ಕೂಡಿಟ್ಟು ಕಾಯಬೇಕಾಯಿತು. ಇದನ್ನು ಶುದ್ಧಿಯೆನ್ನುವುದಕ್ಕಿಂತ ಸ್ಥಳಾಂತರವೆನ್ನುವುದೇ ಸರಿಯೆಂದು ನನಗೆ ತೋರುತ್ತದೆ.

ಜಪಾನಿನ ಫುಕುಶಿಮಾದಲ್ಲಿ 2011ರ ಮಾರ್ಚ್ 11ರ ಸುನಾಮಿ ಅಣುಸ್ಥಾವರವನ್ನು ಕೆಡಿಸಿದಾಗಲೂ ಮೊದಲು ನೆರವಿಗೆ ಬಂದವುಗಳಲ್ಲಿ ಜಿಯೊಲೈಟ್ ಒಂದು. 2013ರಲ್ಲಿ ಬಂದ ಯಂತ್ರವ್ಯವಸ್ಥೆಯನ್ನು ಸ್ಟ್ರಾನ್ಷಿಯಂ ಮೊದಲಾದ 62 ಬಗೆಯ ವಿಕಿರಣ ಧಾತುಗಳನ್ನು ತಗ್ಗಿಸಲೆಂದು ರಚಿಸಿದ್ದರು. ಟ್ರಿಟಿಯಂ ಮಾತ್ರ ಅದಕ್ಕೆ ಸಿಕ್ಕಲಿಲ್ಲ. ಅದು ಜಲಜನಕದ್ದೇ ಒಂದು ರೂಪ. ನೀರಿನಲ್ಲಿ ಕರಗಿರದೆ ತಾನೇ ನೀರಾಗಿರುತ್ತದೆ. ನೀರಿನಿಂದ ನೀರನ್ನು ಸೋಸುವುದು ಹೇಗೆ? ಸಾವಿರಕ್ಕೂ ಮಿಕ್ಕ ತೊಟ್ಟಿಗಳು ತುಂಬಿದವು. 2023ರ ಆಗಸ್ಟ್ 24ರಂದು ಆ ನೀರಿಗೆ ಸಮುದ್ರದ ನೀರು ಬೆರೆಸಿ, ಟ್ರಿಟಿಯಂ ಲೀಟರಿಗೆ 1500 ಬೆಕ್ವೆರೆಲ್‌ಗಿಂತ ಕಡಿಮೆಯಾಗುವಂತೆ ಮಾಡಿ, ಪೆಸಿಫಿಕ್ ಸಾಗರಕ್ಕೆ ಬಿಡಲು ತೊಡಗಿದರು. ಅಲ್ಲಿಯ ಬೆಸ್ತರು ಇದಕ್ಕೆ ಒಪ್ಪಿರಲಿಲ್ಲ. ಜಪಾನಿನ ಮೀನು ತಮಗೆ ಬೇಡವೆಂದು ಚೀನ ಅಂದೇ ಸಾರಿತು.