ಹೊಸದುರ್ಗದ ಸೋಲು

ರಾಜಕೀಯ ಪಕ್ಷಗಳ ಚರಿತ್ರೆ ಬರೆಯುವವರು ಭಾಷಣಗಳನ್ನೂ ನಿರ್ಣಯಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸಭೆಗೆ ಜಮಖಾನ ಹಾಸಿಸಿದವರನ್ನು, ಊರೂರು ತಿರುಗಿ ಸದಸ್ಯತ್ವದ ರಸೀದಿ ಹರಿದವರನ್ನು, ಉಮೇದುವಾರರ ಜಗಳ ತೀರಿಸಿದವರನ್ನು ಮರೆಯುತ್ತಾರೆ. ಚುನಾವಣೆ ನಡೆಸುವುದೂ ಒಂದು ಕಸುಬೇ. ಆ ಕಸುಬನ್ನು ಬುಡದಿಂದ ತುದಿಯವರೆಗೆ ಬಲ್ಲವರಾಗಿದ್ದರು ಚಿತ್ರದುರ್ಗದ ವಕೀಲ ಎಸ್. ನಿಜಲಿಂಗಪ್ಪನವರು. ಮುಖ್ಯಮಂತ್ರಿಯಾಗಿ ಅವರನ್ನು ನಾಡೆಲ್ಲ ಬಲ್ಲದು. ಇಲ್ಲಿ ನಾನು ನೆನೆಯುವುದು ಸಂಘಟಕ ನಿಜಲಿಂಗಪ್ಪನವರನ್ನು.

1902ರಲ್ಲಿ ಹಲುವಾಗಲಿನಲ್ಲಿ ಹುಟ್ಟಿ, ಪುಣೆಯಲ್ಲಿ ಕಾನೂನು ಓದಿ, ಚಿತ್ರದುರ್ಗದಲ್ಲಿ ವಕೀಲಿ ಹಿಡಿದ ಅವರು 1939ರ ತುರುವನೂರು ಸತ್ಯಾಗ್ರಹದಲ್ಲಿ ಸೆರೆಮನೆ ಕಂಡರು. ಅಲ್ಲಿ ಕಡಿದದ್ದು ಈಚಲು ಮರಗಳನ್ನು. ಈಚಲಿನಿಂದ ಹೆಂಡ, ಹೆಂಡದಿಂದ ಅಬಕಾರಿ ವರಮಾನ. ಮರ ಉರುಳಿದರೆ ಕುಡಿತಕ್ಕೂ ಬೊಕ್ಕಸಕ್ಕೂ ಒಂದೇ ಏಟು. ಭಾಷಣ ಮಾಡಲಾರದ ರೈತನೂ ಕೊಡಲಿ ಎತ್ತಬಲ್ಲ. ಜನರಿಗೆ ಮಾಡಲು ಬರುವ ಕೆಲಸವನ್ನೇ ಚಳವಳಿಯನ್ನಾಗಿಸುವ ಈ ಜಾಣ್ಮೆ ಸಂಘಟಕರಿಗೆ ಸಿಕ್ಕ ಮೊದಲ ಪಾಠವಾಗಿದ್ದೀತು.

ಆಗ ಕನ್ನಡ ನಾಡಿನಲ್ಲಿ ಕಾಂಗ್ರೆಸ್ ಒಂದಾಗಿರಲಿಲ್ಲ. ಸಂಸ್ಥಾನಕ್ಕೆ ಮೈಸೂರು ಕಾಂಗ್ರೆಸ್, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ಕರ್ನಾಟಕ ಪ್ರದೇಶ ಕಾಂಗ್ರೆಸ್. ಎರಡರ ಅಧ್ಯಕ್ಷತೆಯನ್ನೂ ನಿಜಲಿಂಗಪ್ಪನವರು ವಹಿಸಿದ್ದರು. ಎರಡನೆಯದನ್ನು 1946ರಿಂದ 1954ರವರೆಗೆ ನಡೆಸಿದರು. ಏಕೀಕರಣವು 1956ರಲ್ಲಿ ನಕಾಶೆಯ ಮೇಲೆ ಮೂಡುವ ಮೊದಲೇ ಅವರ ಪ್ರವಾಸದ ದಾರಿಗಳಲ್ಲಿ ಮೂಡಿತ್ತೆಂದರೆ ತಪ್ಪಾಗಲಾರದು.

1952ರ ಮೊದಲ ಮಹಾಚುನಾವಣೆಯಲ್ಲಿ ಅವರು ಚಿತ್ರದುರ್ಗದಿಂದ ಲೋಕಸಭೆಗೆ ಆರಿಸಿ ಬಂದರು. ಆಗ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಮತಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಮತದಾರ ಚೀಟಿಯ ಮೇಲೆ ಮುದ್ರೆ ಒತ್ತಬೇಕಾಗಿರಲಿಲ್ಲ. ಸರಿಯಾದ ಪೆಟ್ಟಿಗೆಗೆ ಹಾಕಿದರೆ ಸಾಕು. ಪ್ರಚಾರವೆಂದರೆ ಬಹುಮಟ್ಟಿಗೆ ಗುರುತು ಕಲಿಸುವುದೇ. ಬಿ.ದುರ್ಗದಂಥ ಹೋಬಳಿಯ ಬೇಸಾಯಗಾರನಿಗೆ ನೊಗ ಹೊತ್ತ ಜೋಡೆತ್ತನ್ನು ಕಲಿಸುವುದಕ್ಕೆ ಯಾರೂ ಬೇಕಾಗಿರಲಿಲ್ಲವೆನ್ನಿ!

ಹತ್ತು ವರ್ಷಗಳು ಕಳೆದವು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ 208 ಸ್ಥಾನಗಳ ವಿಧಾನಸಭೆಯಲ್ಲಿ 138ನ್ನು ಗೆದ್ದಿತು. ಆದರೆ ಹೊಸದುರ್ಗದಲ್ಲಿ ನಿಜಲಿಂಗಪ್ಪನವರೇ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಸೋತರು. ತಮ್ಮದೇ ಜಿಲ್ಲೆ, ತಾವು ವಕೀಲಿ ನಡೆಸಿದ ಊರಿಗೆ ಹತ್ತಿರದ ತಾಲ್ಲೂಕು! ನಾಡಿನ ಎಲ್ಲ ಕ್ಷೇತ್ರಗಳ ಯೋಗಕ್ಷೇಮ ವಿಚಾರಿಸುವವನಿಗೆ ತನ್ನ ಕ್ಷೇತ್ರದ ಜಗುಲಿಯ ಮೇಲೆ ಕುಳಿತು ಮಾತನಾಡುವ ಪುರಸೊತ್ತು ಎಲ್ಲಿಯದು? ಇದು ನನ್ನ ಊಹೆ. ಮತದಾರನ ಮನಸ್ಸನ್ನು ಕಂಡವರಾರು? ಎಸ್.ಆರ್. ಕಂಠಿಯವರು ಮೂರು ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಶಾಸನಸಭೆಗೆ ಬಂದ ಮೇಲೆ ಪದವಿಯನ್ನು ಬಿಟ್ಟುಕೊಟ್ಟರು. ಭರತನ ನೆನಪು ಬಾರದಿರದು. ಅಂಥ ನಂಬಿಕೆಯನ್ನು ಸಂಪಾದಿಸುವುದೂ ಸಂಘಟನೆಯ ಒಂದು ಮುಖ.

1968ರಲ್ಲಿ ಅವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮರುವರ್ಷದ ರಾಷ್ಟ್ರಪತಿ ಚುನಾವಣೆ ಅವರ ಕಸುಬಿನ ಅತ್ಯಂತ ಕಠಿಣ ಪರೀಕ್ಷೆ. ಪಕ್ಷದ ಉಮೇದುವಾರ ಸಂಜೀವ ರೆಡ್ಡಿಯವರು. ಪ್ರಧಾನಿ ಇಂದಿರಾ ಗಾಂಧಿಯವರ ಒಲವು ವಿ.ವಿ. ಗಿರಿಯವರ ಕಡೆಗೆ. ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಮುಖಂಡರನ್ನು ಕಂಡು, ಅವರ ಉಮೇದುವಾರ ಸಿ.ಡಿ. ದೇಶಮುಖರಿಗೆ ಮತ ಕೊಡುವವರ ಎರಡನೆಯ ಪ್ರಾಶಸ್ತ್ಯವನ್ನು ರೆಡ್ಡಿಯವರಿಗೆ ಕೇಳಿದರು. ಲೆಕ್ಕ ಹುಸಿಯಾಗಲಿಲ್ಲ: ಮೊದಲ ಎಣಿಕೆಯಲ್ಲಿ 3,13,548 ಇದ್ದ ರೆಡ್ಡಿಯವರ ಮತಮೌಲ್ಯ ಕೊನೆಗೆ 4,05,427ಕ್ಕೆ ಏರಿತು. ಗಿರಿಯವರದು 4,20,077. ಆದರೆ ಇದೇ ಭೇಟಿ ಪ್ರಧಾನಿಯ ಬಣಕ್ಕೆ ಆಯುಧವಾಯಿತು. ಬಲಪಂಥೀಯರೊಡನೆ ಕೈಜೋಡಿಸಿದ ಅಧ್ಯಕ್ಷರ ಮಾತನ್ನು ಕೇಳಬೇಕೇಕೆ, ಆತ್ಮಸಾಕ್ಷಿಯಂತೆ ಮತ ನೀಡೋಣ ಎಂದರು. ಹೊರಗಿನಿಂದ ತಂದ ಮತಗಳ ಲೆಕ್ಕ ಸರಿಯಾಗಿತ್ತು, ಮನೆಯೊಳಗಿನದು ತಪ್ಪಿತ್ತು. ಏಳು ವರ್ಷಗಳ ಹಿಂದೆ ಹೊಸದುರ್ಗದಲ್ಲಿಯೂ ಆದದ್ದು ಇದೇ ಅಲ್ಲವೆ?

1969ರ ನವೆಂಬರ್ 12ರಂದು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು, ಕಾಂಗ್ರೆಸ್ ಒಡೆಯಿತು. 1971ರ ಲೋಕಸಭಾ ಚುನಾವಣೆಯ ವೇಳೆಗೆ ಜೋಡೆತ್ತು ಯಾರ ಕೈಗೂ ದಕ್ಕಲಿಲ್ಲ. ಇಂದಿರಾ ಬಣಕ್ಕೆ ಹಸು–ಕರು, ಸಂಸ್ಥಾ ಕಾಂಗ್ರೆಸ್ಸಿಗೆ ಚರಕದಲ್ಲಿ ನೂಲುವ ಹೆಂಗಸು. ಎರಡು ದಶಕ ಹಳ್ಳಿಹಳ್ಳಿಗೆ ಪರಿಚಯವಾಗಿದ್ದ ಗುರುತು ಹೋಗಿತ್ತು. ರಾಜ್ಯದ ಸರ್ಕಾರ ಸಂಸ್ಥಾ ಕಾಂಗ್ರೆಸ್ಸಿನ ಕೈಯಲ್ಲಿದ್ದೂ ಮೈಸೂರಿನ 27 ಸ್ಥಾನಗಳಲ್ಲಿ ಆ ಪಕ್ಷಕ್ಕೆ ಒಂದೂ ಬರಲಿಲ್ಲ.

ನಿಜಲಿಂಗಪ್ಪನವರು ಚಿತ್ರದುರ್ಗದ ತಮ್ಮ ಮನೆಗೆ ಹಿಂತಿರುಗಿದರು. 2000ದಲ್ಲಿ ತೀರಿಕೊಳ್ಳುವವರೆಗೂ ಆ ಊರಿನವರಾಗಿಯೇ ಉಳಿದರು. ಬಿರುಕಿನ ದಿನಗಳಲ್ಲಿ ಅವರು ಬರೆದಿಟ್ಟ ದಿನಚರಿಯನ್ನು ಆ ಕಾಲದ ಚರಿತ್ರೆ ಬರೆಯುವವರು ಇಂದಿಗೂ ತೆರೆದು ನೋಡುತ್ತಾರೆ.