ಗಾಲಿ ಮ್ಯಾಲಿನ ಮನಿ: ನಮ್ಮ ಹಿರ್ಯಾರು ಶ್ರೀಶೈಲಕ್ಕ ಹೊಂಟ ದಾರಿ

(1/7)
ದೋಸ್ತ್ರ, ರೀಲ್ಸ್‌ನಾಗ ನೀವು ನೋಡೇ ಇರ್ತೀರಿ. ಬಸ್ಸಿನಷ್ಟು ಉದ್ದದ ಗಾಡಿ, ಒಳಗ ಅಡಗಿಮನಿ, ಹಾಸಿಗಿ, ಬಚ್ಚಲ ಎಲ್ಲಾ ಇರ್ತೈತಿ. ಅಮೆರಿಕದಾಗ ಇದಕ್ಕ ಆರ್‌ವಿ ಅಂತಾರ. ನೌಕರಿಯಿಂದ ನಿವೃತ್ತರಾದ ಗಂಡ-ಹೆಂಡತಿ ಚಳಿಗಾಲ ಬಂತಂದ್ರ ಹಿಮ ಬೀಳೋ ಊರು ಬಿಟ್ಟು ಅರಿಜೋನಾದ ಮರುಭೂಮಿ ಕಡೆ ಹೊಂಟುಬಿಡ್ತಾರ. ಅಂಥವರಿಗೆ ‘ಸ್ನೋಬರ್ಡ್ಸ್’ ಅಂತ ಹೆಸರು, ಅಂದ್ರ ಹಿಮದ ಹಕ್ಕಿಗಳು.

‘ನಮ್ಮ ಕಡೆ ಇಂಥಾದ್ದು ಎಲ್ಲಿ ಐತಿ ಬಿಡೋ’ ಅನ್ನಬ್ಯಾಡ್ರಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹಿರ್ಯಾರೂ ಗಾಲಿ ಮ್ಯಾಲ ಮನಿ ಕಟ್ಟಿಕೊಂಡು ಬಿಸಲ ನಾಡು ದಾಟಿದವ್ರೇ. ಒಂದೇ ಫರಕು: ಅವರು ಚಳಿ ತಪ್ಪಿಸ್ಕೊಳ್ಳಾಕ ಹೊಂಟಿರಲಿಲ್ಲ, ಬಿಸಲಿಗೆ ಎದಿ ಕೊಟ್ಟು ಹೊಂಟಿದ್ರು.

(2/7)
ಮೊದಲ ಅವರ ಕತಿ ಸ್ವಲ್ಪ ಕೇಳ್ರಿ. 1960ರ ಜನವರಿ 1ರಂದು ಅರಿಜೋನಾದ ಫೀನಿಕ್ಸ್ ಹತ್ರ ‘ಸನ್ ಸಿಟಿ’ ಅನ್ನೋ ಊರಿನ ಬಾಗಿಲು ತೆರೀತು. ಕಟ್ಟಿಸಿದವರು ಡೆಲ್ ವೆಬ್. ವಯಸ್ಸಾದವ್ರಿಗಾಗೇ ಕಟ್ಟಿದ ಊರು ಅದು. ಮೊದಲ ಮೂರೇ ದಿನದಾಗ ನೋಡಾಕ ಬಂದವರು ಸುಮಾರು 1 ಲಕ್ಷ ಜನ! 1995ರ ಕಾನೂನಿನ ಪ್ರಕಾರ ಇಂಥಾ ಊರುಗಳು ಕಡಿಮಿ ವಯಸ್ಸಿನವರನ್ನ ಹೊರಗ ಇಡಬಹುದು. ಷರತ್ತು ಏನಂದ್ರ, 100ರಾಗ 80 ಮನಿಗಳೊಳಗ 55 ದಾಟಿದವರು ಒಬ್ಬರಾದ್ರೂ ಇರಬೇಕು.

ಅದೇ ರಾಜ್ಯದಾಗ ಕ್ವಾರ್ಟ್ಜ್‌ಸೈಟ್ ಅಂತ ಒಂದು ಸಣ್ಣ ಊರು ಐತಿ. ಚಳಿಗಾಲದಾಗ ಸುತ್ತಲಿನ ಬಯಲು ತುಂಬ ಆರ್‌ವಿಗಳೇ. ಆ ಊರಾಗ ಹಾಜಿ ಅಲಿ ಅನ್ನೋ ಒಂಟಿ ನಡಸವನ ಸಮಾಧಿ ಐತಿ. 1856ರಾಗ ಅಮೆರಿಕದ ಸೈನ್ಯ ಮರುಭೂಮಿ ದಾಟಾಕ ಒಂಟಿ ತರಿಸಿತ್ತು, ಅವುಗಳ ಜೋಡಿ ಬಂದಾಂವ ಇವ. ಅಂದ್ರ ಅಲ್ಲೂ ಮೋಟಾರಿಗಿಂತ ಮೊದಲ ದಾರಿ ತುಳಿದದ್ದು ದನ-ಕರುವಿನ ಕಾಲೇ.

(3/7)
ಈಗ ನಮ್ಮ ಗಾಡಿಗೆ ಬರ್ರಿ. ಚಕ್ಕಡಿ ಮ್ಯಾಲ ಬಿದಿರು ಬಗ್ಗಿಸಿ ಕಮಾನು ಕಟ್ಟಿ, ಅದರ ಮ್ಯಾಲ ತಟ್ಟು-ಚಾಪಿ ಹೊದಿಸಿದ್ರ ಅದು ಕೊಲ್ಲಾರಿ ಬಂಡಿ. ಒಳಗ ಹುಲ್ಲು, ಹುಲ್ಲಿನ ಮ್ಯಾಲ ಕೌದಿ. ಕೆಳಗ ತೂಗಾಡೋ ಕಂದೀಲು. ಎತ್ತಿಗೆ ಕಣಿಕಿ-ಹೊಟ್ಟು, ಮಂದಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಕಟಕ ರೊಟ್ಟಿ ಕೆಡಂಗಿಲ್ಲ, ಒಲಿ ಹಚ್ಚೋ ಕೆಲಸ ಇಲ್ಲ. ಫ್ರಿಜ್ ಇಲ್ಲದ ಕಾಲಕ್ಕ ಇದಕ್ಕಿಂತ ಶ್ಯಾಣ್ಯಾ ಅಡಗಿ ಬ್ಯಾರೆ ಯಾವುದೈತಿ ಹೇಳ್ರಿ!

ಎಳೆಯೋವು ಈ ಭಾಗದ ಕಿಲಾರಿ ಎತ್ತು. ಗಟ್ಟಿಮುಟ್ಟಾದವರು ಗಾಡಿ ಬಾಜೂಕ ನಡೀತಿದ್ರು, ಮುದುಕರು, ಸಣ್ಣ ಕೂಸು ಒಳಗ ಕುಂದರ್ತಿದ್ರು. ಗಾಡಿಯ ಓಟ ನಡೆಯೋ ಮನಷ್ಯಾನಷ್ಟೇ ಇದ್ದದ್ದರಿಂದ ಯಾರೂ ಹಿಂದ ಉಳೀತಿರಲಿಲ್ಲ.

(4/7)
ದಾರಿ ಎಷ್ಟು? ಜಮಖಂಡಿಯಿಂದ ಶ್ರೀಶೈಲಕ್ಕ 400ರಿಂದ 500 ಕಿಲೋಮೀಟರ್. ಹೋಳಿ ಹುಣ್ಣಿವಿಯಿಂದ ಯುಗಾದಿ ಪಾಡ್ಯಾಕ್ಕ 15 ದಿನ. ಲೆಕ್ಕಾ ನೀವೇ ಹಾಕ್ರಿ, ದಿನಕ್ಕ 30 ಕಿಲೋಮೀಟರ್! ಅದೂ ಲಿಂಗಸುಗೂರು, ರಾಯಚೂರು ಕಡೆಯ ಮಾರ್ಚ್ ಬಿಸಲಾಗ.

ನನಗ ಎಲ್ಲಕ್ಕಿಂತ ಸೋಜಿಗ ಅನಿಸೋದು ಇನ್ನೊಂದು. 1947ಕ್ಕಿಂತ ಮೊದಲಿನ ನಕಾಶೆ ತಗೊಂಡು ಇದೇ ದಾರಿ ಮ್ಯಾಲ ಬೆರಳು ಇಡ್ರಿ. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗಲಿ ಸಂಸ್ಥಾನಕ್ಕ ಸೇರಿದ್ದು. ಬೀಳಗಿ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆ. ಮುಂದ ಲಿಂಗಸುಗೂರು, ರಾಯಚೂರು ಹೈದರಾಬಾದ್ ನಿಜಾಮರದು, ಅಲ್ಲಿ ಹಾಲಿ ಸಿಕ್ಕಾ ಅನ್ನೋ ಬ್ಯಾರೆ ರೊಕ್ಕ. ಅದರಾಚೆ ಕರ್ನೂಲು, ಅದು ಮದ್ರಾಸ್ ಪ್ರಾಂತ. ಜಮಖಂಡಿಯ ಒಬ್ಬ ಅಜ್ಜಿ ಊರಿನಿಂದ ಮಲ್ಲಯ್ಯನ ಗುಡಿ ಮುಟ್ಟೋದರೊಳಗ ನಾಲ್ಕು ಆಡಳಿತ ದಾಟಿರ್ತಿದ್ಲು!

1948ರಾಗ ಸಂಸ್ಥಾನ ಹೋದುವು, 1956ರಾಗ ರಾಜ್ಯದ ಗಡಿ ಹೊಸದಾಗಿ ಬಂತು. ದಾರಿ ಮಾತ್ರ ಹಂಗೇ ಉಳೀತು.

(5/7)
ಆತ್ಮಕೂರು ದಾಟಿದ್ರ ನಲ್ಲಮಲ ಕಾಡು. ಇಲ್ಲಿ ಚೆಂಚು ಜನ ತಲಿತಲಾಂತರದಿಂದ ಇದ್ದಾರ, ಈಗ ಇದು ಹುಲಿ ಸಂರಕ್ಷಿತ ಪ್ರದೇಶ. ನಾಗಲೂಟಿ, ಭೀಮನ ಕೊಳ, ಕೈಲಾಸ ದ್ವಾರ ಅಂತ ಕಾಲ್ದಾರಿ ಹೋಗ್ತೈತಿ. ಕಲ್ಲಿನ ಮೆಟ್ಟಲಾ ಇರೋ ಈ ದಾರಿಯೊಳಗ ಚಕ್ಕಡಿ ಹತ್ತಂಗಿಲ್ಲ. 15 ದಿನ ಮನಿಯಾಗಿದ್ದ ಗಾಡಿ ಬಿಟ್ಟು ಕಾಲು ನಂಬಬೇಕು.

14ನೇ ಶತಮಾನದಾಗ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕ ಮೆಟ್ಟಲಾ ಕಟ್ಟಿಸಿದ್ದು ಶಾಸನದಾಗ ಐತಿ. 1677ರಾಗ ಶಿವಾಜಿ ಬಂದದ್ದೂ ಇತಿಹಾಸದಾಗ ಐತಿ. 12ನೇ ಶತಮಾನದ ಅಕ್ಕಮಹಾದೇವಿ ಕಲ್ಯಾಣದಿಂದ ಇದೇ ಗುಡ್ಡದ ಕದಳಿಗೆ ಬಂದ್ಲು ಅಂತ ಶರಣರ ಕತಿ ಹೇಳ್ತಾವ. ಆದ್ರ ಮೆಟ್ಟಲಾ ಹತ್ತಿದ ಲಕ್ಷಾಂತರ ಮುದುಕ-ಮುದುಕಿಯರ ಹೆಸರು ಯಾವ ಕಲ್ಲಿನ ಮ್ಯಾಲೂ ಇಲ್ಲ.

(6/7)
ಇಷ್ಟು ಕಷ್ಟ ಯಾಕ? ಭ್ರಮರಾಂಬೆ ನಮ್ಮ ಮನಿ ಮಗಳು ಅಂತ ಕನ್ನಡಿಗರ ನಂಬಿಕಿ. ಯುಗಾದಿಗೆ ಮಗಳಿಗೆ ಸೀರಿ-ಕುಬಸ ಒಯ್ಯಬೇಕಲ್ಲ! ಮಗ್ಗದ ಸಪ್ಪಳ ಕೇಳ್ಕೋತ ಬೆಳೆದ ರಬಕವಿ-ಬನಹಟ್ಟಿಯವರಿಗೆ ಸೀರಿಯ ಬೆಲಿ ಬಿಡಿಸಿ ಹೇಳೋದು ಬ್ಯಾಡ. ದೇವಸ್ಥಾನದವರೂ ಯುಗಾದಿ ಉತ್ಸವಕ್ಕ ಕರ್ನಾಟಕದ ಭಕ್ತರನ್ನ ಎದುರು ನೋಡ್ತಾರ.

ಹೆಗಲ ಮ್ಯಾಲ ಕಂಬಿ, ಕೆಲವರಂತೂ ಮರಗಾಲು ಕಟ್ಟಿಕೊಂಡು ನಡೀತಾರ. ದಾರಿ ಉದ್ದಕ್ಕೂ ಊರೂರಾಗ ಮಜ್ಜಿಗಿ, ಊಟ, ಕಾಲಿಗೆ ಬಿಸಿನೀರು, ಬೊಬ್ಬಿಗೆ ಮುಲಾಮು. ಯಾರೂ ರೊಕ್ಕ ಕೇಳಂಗಿಲ್ಲ, ಜಾತಿ ಕೇಳಂಗಿಲ್ಲ. ಹೊಟೇಲು, ಬುಕಿಂಗ್ ಇಲ್ಲದ ದಾರಿ ಇಷ್ಟು ವರ್ಷ ನಡೆದದ್ದು ಈ ದಾಸೋಹದ ಬಲದ ಮ್ಯಾಲ.

ಕಡೀಕ ಪಾತಾಳಗಂಗಾ. ಆ ನೀರು ಯಾವುದು ಗೊತ್ತೇನು? ನಮ್ಮ ಜಮಖಂಡಿ ಬಾಜೂಕ ಹರಿಯೋ ಅದೇ ಕೃಷ್ಣಾ! ಮುಧೋಳದ ಘಟಪ್ರಭಾನೂ ಅದರಾಗೇ ಕೂಡೇತಿ. ಊರ ನೀರು ಮುಂದ ಹೋಗಿ ಕಾಯ್ಕೊಂಡು ನಿಂತಿರ್ತೈತಿ.

(7/7)
ಚಕ್ಕಡಿ ಜಾಗಕ್ಕ ಈಗ ಟ್ರ್ಯಾಕ್ಟರ್ ಟ್ರೇಲರ್, ಟೆಂಪೋ ಬಂದಾವ. ತಾಡಪಾಲ ಕಟ್ಟಿ, ಸಿಲಿಂಡರ್ ಇಟ್ಟು, ಮೊಬೈಲ್ ಚಾರ್ಜಿಗೆ ವಯರ್ ಎಳೆದ್ರ ಅದೇ ನಮ್ಮ ಆರ್‌ವಿ. ನಗಬ್ಯಾಡ್ರಿ, ಕೆಲಸ ಅದೇ ಅಲ್ಲೇನು?

ಎರಡೂ ಪದ್ಧತಿಯೊಳಗ ಕಲಿಯೋದು ಐತಿ. ಅಲ್ಲಿ ಮುಪ್ಪಿನವರು ತಮ್ಮ ಗಾಡಿ ತಾವೇ ನಡಸ್ತಾರ, ಮಕ್ಕಳ ಅಪ್ಪಣಿಗೆ ಕಾಯಂಗಿಲ್ಲ. ಇಲ್ಲಿ ಎಷ್ಟೋ ಅಜ್ಜಿಯರ ಆಸೆ ‘ಈ ವರ್ಷ ಬ್ಯಾಡವ್ವ, ಮುಂದಿನ ವರ್ಷ ನೋಡೂಣು’ ಅನ್ನೋ ಮಾತಿನಾಗೇ ಮುಗೀತೈತಿ. ಆದ್ರ ಅಲ್ಲಿ ಮುಪ್ಪಿಗೆ ಬ್ಯಾರೆ ಊರು ಕಟ್ಟಿದ್ರು, ಇಲ್ಲಿ ಮುದುಕರಿಗೂ ಹುಡುಗರಿಗೂ ದಾರಿ ಒಂದೇ. ಆ ಒಂದೇ ದಾರಿ ಉಳಿಬೇಕಂದ್ರ ನಾವು ಹುಡುಗರು ಬಾಜೂಕ ನಡೀಬೇಕು.

ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ಬಂದವರು ಇನ್ನ ಕೆಲವರೇ ಉಳಿದಾರ. ಅವರು ಹೋದ್ರ ಈ ಇತಿಹಾಸನೂ ಹೋತು. ಇವತ್ತು ರಾತ್ರಿ ಮನಿಯಾಗಿನ ಹಿರ್ಯಾರಿಗೆ ಮೂರೇ ಪ್ರಶ್ನೆ ಕೇಳ್ರಿ: ಯಾರ ಗಾಡಿಯೊಳಗ ಹೋಗಿದ್ರಿ? ಯಾವ ಊರಾಗ ವಸ್ತಿ ಮಾಡಿದ್ರಿ? ಯಾರು ಊಟಕ್ಕ ಹಾಕಿದ್ರು? ಮೊಬೈಲ್‌ನಾಗ ರೆಕಾರ್ಡ್ ಮಾಡ್ರಿ, ತಾರೀಕು ಹಾಕಿ ಇಟ್ಕೊಳ್ರಿ. ಆಮ್ಯಾಲ ನಾಲ್ಕನೇದು ಕೇಳ್ರಿ: ‘ಅಜ್ಜಿ, ಇನ್ನೊಮ್ಮೆ ಹೋಗಿಬರೂಣೇನು?’

#ಜಮಖಂಡಿ #ಮುಧೋಳ #ಬೀಳಗಿ #ರಬಕವಿಬನಹಟ್ಟಿ #ಶ್ರೀಶೈಲ #ನಮ್ಮಊರಇತಿಹಾಸ