ರೇಷ್ಮೆಯ ಮನೆಯಲ್ಲಿ ಸೊಳ್ಳೆಯ ಪರದೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದುವು. ಈ ಸೀಮೆಯ ಚಳಿಜ್ವರದ ಚರಿತ್ರೆಗೆ ಕೆರೆ ಬಾವಿಗಳೆಷ್ಟು ಮುಖ್ಯವೋ ಮನೆಯ ಒಳಗೂ ಅಷ್ಟೇ ಮುಖ್ಯವಾದುದು.

ಸೊಳ್ಳೆಯ ಪರದೆ ಹೊಸ ವಸ್ತುವಲ್ಲ. ಮಶಕಹರಿ ಎಂಬ ಶಬ್ದವು ಸಂಸ್ಕೃತ ಕೋಶಗಳಲ್ಲಿದೆ; ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಮಶಕಗಳ ಐದು ಭೇದಗಳನ್ನು ಹೇಳಿದೆ. ಆದರೆ 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ರೋಗಾಣುವನ್ನು ಕಂಡ ಮೇಲೆಯೇ, ನಿದ್ರೆಯ ಸುಖಕ್ಕಾಗಿ ಕಟ್ಟುತ್ತಿದ್ದ ಪರದೆಯು ಆರೋಗ್ಯದ ಸಾಧನವೆನಿಸಿತು.

ಬಯಲುಸೀಮೆಯಲ್ಲಿ ರೋಗವನ್ನು ಹರಡತಕ್ಕದ್ದು ಮುಖ್ಯವಾಗಿ ಅನಾಫಿಲಿಸ್ ಕ್ಯುಲಿಸಿಫೇಸೀಸ್ ಎಂಬ ಜಾತಿ. ಹೊಳೆಯ ಮರಳಿನಲ್ಲಿ ನಿಂತ ನೀರು, ಕಾಲುವೆ, ಬಾವಿ, ಇವು ಅದರ ತವರು. ಇರುಳು ಕಚ್ಚಿ, ಹಗಲು ಮನೆ ಕೊಟ್ಟಿಗೆಗಳ ಗೋಡೆಯ ಮೇಲೆ ವಿಶ್ರಮಿಸುವುದು ಅದರ ಸ್ವಭಾವ. 1953ರ ರಾಷ್ಟ್ರೀಯ ಕಾರ್ಯಕ್ರಮವು ಈ ಸ್ವಭಾವವನ್ನೇ ಆಧಾರವಾಗಿಟ್ಟುಕೊಂಡು ಗೋಡೆಗಳಿಗೆ ಡಿಡಿಟಿಯನ್ನು ಸಿಂಪಡಿಸತೊಡಗಿತು. 1958ರಲ್ಲಿ ನಿರ್ಮೂಲನವೇ ಗುರಿಯಾಯಿತು. 1976ರ ಹೊತ್ತಿಗೆ ದೇಶದಲ್ಲಿ ರೋಗಿಗಳ ಸಂಖ್ಯೆ ಮರಳಿ 64 ಲಕ್ಷವನ್ನು ಮೀರಿತು.

ಶಿಡ್ಲಘಟ್ಟ, ಚಿಂತಾಮಣಿಗಳ ಕಡೆ ಗೋಡೆಯ ಪ್ರಶ್ನೆಯು ಅಷ್ಟು ಸರಳವಲ್ಲ. ಇದು ರೇಷ್ಮೆಯ ನಾಡು. ಒಂದೇ ಸೂರಿನಡಿ ಮನುಷ್ಯರೂ ಹುಳುಗಳೂ ಬಾಳಿದ ಮನೆಗಳಲ್ಲಿ, ಸೊಳ್ಳೆಯನ್ನು ಕೊಲ್ಲುವ ಔಷಧಿಯು ಹುಳುವನ್ನೂ ಕೊಲ್ಲುತ್ತದೆ. ಸಿಂಪಡಿಸುವವನನ್ನು ಬಾಗಿಲಲ್ಲೇ ತಡೆದ ಗೃಹಸ್ಥನನ್ನು ಅಜ್ಞಾನಿಯೆಂದು ಬಗೆಯುವುದು ನ್ಯಾಯವಲ್ಲ. ಅವನು ಒಂದು ಬೆಳೆಯನ್ನು ಉಳಿಸಿಕೊಂಡನು. ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಸಂಶೋಧಕರು ಬಾವಿಗಳಿಗೆ ಗಪ್ಪಿ, ಗಂಬೂಸಿಯಾ ಮೀನುಗಳನ್ನು ಬಿಡಿಸಿ ಮಲೇರಿಯಾವನ್ನು ಬಹುಮಟ್ಟಿಗೆ ಇಳಿಸಿದರು. ಗಂಬೂಸಿಯಾವನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದವರು ಡಾ. ಬಿ. ಎ. ರಾವ್ ಅವರು.

ಪರದೆಗೂ ಇದೇ ತೊಡಕು. ಪೈರಿಥ್ರಾಯ್ಡ್ ಔಷಧಿಯಲ್ಲಿ ಅದ್ದಿದ ಪರದೆಯು ಬಯಲಿನ ರೈತನಿಗೆ ವರವಾದರೂ, ಆ ಔಷಧಿ ರೇಷ್ಮೆಹುಳುವಿಗೆ ವಿಷ. ಬರಿಯ ಪರದೆಯೊಂದೇ ಇಲ್ಲಿ ನಿರಪಾಯವಾದುದು. ಅದನ್ನು ಕೊಂಡ ಮಾತ್ರಕ್ಕೆ ಅದರೊಳಗೆ ಮಲಗಿದಂತಾಗಲಿಲ್ಲ. ಹುಳು ಪೊರೆ ಕಳಚುವ ಅವಸ್ಥೆಗೆ ಈ ಕಸುಬಿನವರು ‘ಜ್ವರ’ವೆಂದೇ ಹೆಸರಿಟ್ಟಿದ್ದಾರೆ, ವಿಚಿತ್ರವಾದರೂ ಸತ್ಯ. ನಾಲ್ಕು ಜ್ವರಗಳನ್ನು ದಾಟಿ ಎದ್ದ ಹುಳು ಹಣ್ಣಾಗುವವರೆಗೆ ಹಗಲಿರುಳೆನ್ನದೆ ಸೊಪ್ಪನ್ನು ಬೇಡುತ್ತದೆ. ರಾತ್ರಿಯ ಸೊಪ್ಪು ಹಾಕಲು ಎದ್ದವನಿಗೆ ಹಾಸಿಗೆಯ ಮೇಲಿನ ಪರದೆಯಿಂದ ಆಗುವ ಪ್ರಯೋಜನವೇನು?

ಆದುದರಿಂದ ಆಸ್ಪತ್ರೆಗೆ ಬಂದ ರೋಗಿಗಳನ್ನು ‘ಪರದೆಯುಂಟೆ’ ಎಂದು ಕೇಳಿ ಬರೆದ ಪಟ್ಟಿಯನ್ನು ಎಚ್ಚರಿಕೆಯಿಂದ ಓದಬೇಕು. ಅಲ್ಲಿಗೆ ಬರುವವರು ಜ್ವರ ಬಂದವರು. ಜ್ವರಕ್ಕೆ ಹೆದರಿ ಪರದೆ ಕೊಂಡವನೂ ಪರದೆಯಿದ್ದೂ ಕಾಯಿಲೆ ಬಿದ್ದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಮನೆಯಲ್ಲಿ ಹುಳುವುಂಟೆ, ಯಾವ ಜ್ವರದಲ್ಲಿತ್ತು, ಆ ವಾರ ಎಲ್ಲಿ ಮಲಗಿದ್ದಿರಿ ಎಂದೂ ಕೇಳಿದರೆ ಪಟ್ಟಿಗೆ ಬೇರೆಯೇ ಅರ್ಥ ಬಂದೀತು.

1980ರಲ್ಲಿ ಊಜಿ ನೊಣವು ಕರ್ನಾಟಕವನ್ನು ಹೊಕ್ಕ ಬಳಿಕ, ಹುಳುಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಬಲೆ ಬಂದಿತು. ಹುಳುವಿನ ತಟ್ಟೆಯೂ ಮನುಷ್ಯನ ಚಾಪೆಯೂ ಒಂದೇ ಕೋಣೆಯಲ್ಲಿದ್ದ ಕಡೆ, ನೊಣಕ್ಕೆಂದು ಬಿಗಿದ ಆ ಬಲೆಯೇ ಸೊಳ್ಳೆಗೂ ಅಡ್ಡವಾಗಬಲ್ಲುದಾಗಿದ್ದಿತು.